ಶನಿವಾರ ಗಾಣ ನಿಲ್ಲಿಸಿದವರ ಪಾಠಶಾಲೆ

(ನೆಲೋಗಿಯಲ್ಲಿ ಶಿಕ್ಷಕರು ಹಾಗೂ ಗ್ರಾಮಸ್ಥರ ಎದುರು ಮಾಡಿದ ಭಾಷಣದ ಬರಹ ರೂಪ)



ಯೆಹೂದಿ ಮಕ್ಕಳ ಶಾಲೆಯಲ್ಲಿ ವಾರವಿಡೀ ಏನು ನಡೆಯುತ್ತದೆ ಎಂಬುದನ್ನು ನೆಲೋಗಿಯಲ್ಲಿ ನಿಂತು ಹೇಳಹೊರಟರೆ ಕೆಲವರಿಗೆ ವಿಚಿತ್ರವೆನಿಸಬಹುದು. ಜೇವರ್ಗಿ, ಅಫಜಲಪುರ, ಆಳಂದ ಈ ಮೂರೂ ತಾಲ್ಲೂಕುಗಳನ್ನು ಸುತ್ತಿದರೂ ಒಂದು ಯೆಹೂದಿ ಮನೆ ಸಿಗಲಾರದು. ಆದರೆ ಈ ಭಾಗದಿಂದ ಸೊಲ್ಲಾಪುರದ ಹಾದಿಯಲ್ಲಿ ರೈಲು ಹಿಡಿದು ಮುಂಬಯಿಗೆ ದುಡಿಯಲು ಹೋದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಬೈಕುಲ್ಲಾ, ಮಜಗಾಂವ್ ಕಡೆ ಓಡಾಡಿದವರು ಸರ್ ಏಲಿ ಕದೂರಿ ಶಾಲೆಯ ಹೆಸರನ್ನಾದರೂ ಕೇಳಿರಬಹುದು. ಆ ಶಾಲೆ 1875ರಲ್ಲಿ ಹುಟ್ಟಿದಾಗ ಅದರ ಹೆಸರು 'ಇಸ್ರೇಲೈಟ್ ಸ್ಕೂಲ್' ಎಂದಿತ್ತು. ಅದನ್ನು ಕಟ್ಟಿದ್ದು ಗಾಣ ತಿರುಗಿಸಿ ಎಣ್ಣೆ ಮಾರಿ ಬದುಕಿದವರ ವಂಶಸ್ಥರು. ಹಾಗಾಗಿ ಗಾಣದಿಂದಲೇ ಮಾತು ಆರಂಭಿಸುತ್ತೇನೆ.

ಕೊಂಕಣ ತೀರದಲ್ಲಿ, ಅಲಿಬಾಗದ ಸುತ್ತಮುತ್ತಲ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಜನ ಇದ್ದರು. ನವಗಾಂವದ ಬಳಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು, ತಂದ ಗ್ರಂಥಗಳೆಲ್ಲ ಸಮುದ್ರದ ಪಾಲಾದವು ಎಂಬುದು ಅವರು ಹೇಳಿಕೊಂಡು ಬಂದ ಕಥೆ. ಮನೆಮಾತು ಮರಾಠಿ, ಉಡುಗೆ ತೊಡುಗೆ ಅಲ್ಲಿಯದೇ. ನಮ್ಮ ಕಡೆಯಂತೆಯೇ ಊರಿನ ಹೆಸರೇ ಅಡ್ಡಹೆಸರು: ಕೇಹಿಮಕರ, ದಿವೇಕರ, ರಾಜಪೂರಕರ. ಕಸುಬು ಎಣ್ಣೆ ತೆಗೆಯುವುದು. ಶನಿವಾರ ಮಾತ್ರ ಅವರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ನೆರೆಹೊರೆಯವರು ಅವರನ್ನು 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು.

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬ ಕಟ್ಟಳೆ ನಮ್ಮ ಒಕ್ಕಲುತನದಲ್ಲಿ ಇದೆಯಷ್ಟೆ. ಏಕೆ ಎಂದು ಕೇಳಿದರೆ 'ಬಸವಣ್ಣನ ವಾರ' ಎನ್ನುತ್ತಾರೆ, ಅಷ್ಟಕ್ಕೇ ಮುಗಿಯಿತು. ಯೆಹೂದ್ಯರ ತೋರಾದಲ್ಲಿಯೂ ಏಳನೆಯ ದಿನ ಮನುಷ್ಯನಿಗೆ ಮಾತ್ರವಲ್ಲ, ಅವನ ಎತ್ತಿಗೂ ಕತ್ತೆಗೂ ಮನೆಯ ಆಳಿಗೂ ಬಿಡುವು ಇರಬೇಕೆಂಬ ಆಜ್ಞೆ ಇದೆ. ಕೊಂಕಣದ ಈ ಗಾಣಿಗರ ಕೈಯಲ್ಲಿ ಆ ಆಜ್ಞೆ ಬರೆದಿದ್ದ ಗ್ರಂಥ ಇರಲಿಲ್ಲ, ಅದರ ಭಾಷೆಯಾದ ಹೀಬ್ರೂ ಮರೆತುಹೋಗಿತ್ತು. ಉಳಿದದ್ದು 'ಶೆಮಾ' ಎಂಬ ಒಂದು ಪ್ರಾರ್ಥನಾ ವಾಕ್ಯ. ಮದುವೆಗೂ ಮರಣಕ್ಕೂ ಅದನ್ನೇ ಹೇಳುತ್ತಿದ್ದರು. ಪುಸ್ತಕ ಹೋಯಿತು, ಎತ್ತಿಗೆ ಸಿಕ್ಕ ರಜೆ ಮಾತ್ರ ಶತಮಾನಗಳ ಕಾಲ ಉಳಿಯಿತು.

ಕನ್ನಡ ನೆಲದಲ್ಲಿ ಅದಕ್ಕೂ ಮುಂಚೆಯೇ ತೋರಾ ಬಲ್ಲ ಯೆಹೂದಿಯೊಬ್ಬ ನೆಲೆಸಿದ್ದನೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟ್ಯುನೀಸಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ವ್ಯಾಪಾರ ಮಾಡಿದ. ಹಿತ್ತಾಳೆ ಕಾರ್ಖಾನೆ ಇಟ್ಟಿದ್ದ. ಬೊಮ್ಮ ಎಂಬ ತುಳುನಾಡಿನ ಆಳು ಅವನ ವ್ಯವಹಾರ ನೋಡುತ್ತಿದ್ದ. ಧರ್ಮಶಾಸ್ತ್ರ ಬಲ್ಲ ಈ ವ್ಯಾಪಾರಿಗೆ ಏಡನ್ನಿನ ಗೆಳೆಯರು ಸರಕಿನ ಜೊತೆ ಬರೆಯುವ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಅವನ ಪತ್ರಗಳು ಸಿಕ್ಕಿವೆ. ಬಸವಣ್ಣನವರ ಶತಮಾನವೇ ಅದು. ಆದರೆ ಒಬ್ಬ ಪಂಡಿತನಿದ್ದರೆ ಶಾಲೆಯಾಗುವುದಿಲ್ಲ. ಅವನು ತನ್ನ ಕಾಗದಗಳೊಂದಿಗೆ ಹಡಗು ಹತ್ತಿ ಹೋದ.

ಮತ್ತೆ ಗಾಣಿಗರ ಕಡೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇವರಲ್ಲಿ ಅನೇಕರು ಮುಂಬಯಿ ಸೇರಿ ಸೈನ್ಯದಲ್ಲಿ ಕೆಲಸ ಹಿಡಿದರು. ಸಾಮಾಜಿ ಹಸಾಜಿ ದಿವೇಕರ ಎಂಬ ಅಧಿಕಾರಿ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನಂತೆ. ಕೊಲ್ಲುವ ಮುನ್ನ ಜಾತಿ ಯಾವುದು ಎಂದು ಕೇಳಿದಾಗ 'ಬನಿ ಇಸ್ರೇಲ್' ಎಂದನಂತೆ. ಕುರಾನಿನಲ್ಲಿ ಕೇಳಿದ್ದ ಹೆಸರಿನ ಜನ ಇನ್ನೂ ಜೀವಂತವಿದ್ದಾರೆಯೇ ಎಂದು ಬೆರಗಾದ ಸುಲ್ತಾನನ ತಾಯಿ ಅವನನ್ನು ಉಳಿಸಿದಳಂತೆ. ಇದು ಅವರ ಮನೆತನಗಳಲ್ಲಿ ಬಂದ ಕಥೆ. ಚರಿತ್ರೆಯೆಂದು ನಾನು ಒತ್ತಿ ಹೇಳುವುದಿಲ್ಲ. 1796ರಲ್ಲಿ ದಿವೇಕರ ಮುಂಬಯಿಯಲ್ಲಿ ತಮ್ಮವರ ಮೊದಲ ಪ್ರಾರ್ಥನಾಮಂದಿರ ಕಟ್ಟಿಸಿದ್ದು ಮಾತ್ರ ಚರಿತ್ರೆ.

ಮಂದಿರವಾಯಿತು; ಅಲ್ಲಿ ನಿಂತು ಓದಬಲ್ಲವರೆಲ್ಲಿ? ಕೊಚ್ಚಿಯ ಯೆಹೂದ್ಯರು ಬಂದು ಪ್ರಾರ್ಥನೆ ಕಲಿಸಿದರು. ಇನ್ನೊಂದು ಬಾಗಿಲು ತೆರೆದವರು, ಯಾರೂ ನಿರೀಕ್ಷಿಸದವರು, ಕ್ರೈಸ್ತ ಮಿಷನರಿಗಳು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಹೀಬ್ರೂ ವ್ಯಾಕರಣವನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿದರು. ತಮ್ಮ ಪೂರ್ವಜರ ಭಾಷೆಯ ಅಕ್ಷರಗಳನ್ನು ಬೆನೆ ಇಸ್ರೇಲ್ ಮಕ್ಕಳು ಪಾದ್ರಿಗಳ ಶಾಲೆಯಲ್ಲಿ ತಿದ್ದಿದರು. ಕಿಟ್ಟೆಲರ ನಿಘಂಟನ್ನು ಬಳಸುವ ನಮಗೆ ಇದು ಆಶ್ಚರ್ಯವಾಗಬೇಕಿಲ್ಲ. ಅಲ್ಲಿ ಮತಾಂತರವಾದವರು ತೀರ ಕಡಿಮೆ. ಆದರೂ ತಮ್ಮ ಗ್ರಂಥದ ಅರ್ಥವನ್ನು ಬೇರೆಯವರು ತಮಗೆ ಬೇಕಾದಂತೆ ಹೇಳುತ್ತಿದ್ದಾರೆಂಬ ಅಳುಕು ತಂದೆತಾಯಿಗಳಿಗೆ ಇದ್ದೇ ಇತ್ತು.

ಆಗ ಅವರೊಳಗಿಂದಲೇ ಮಾಸ್ತರರು ಎದ್ದುಬಂದರು. ಜೋಸೆಫ್ ಎಜೆಕಿಯೆಲ್ ರಾಜಪೂರಕರ ಮುಂಬಯಿಯ ಸಸೂನ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಪ್ರಾರ್ಥನಾ ಗ್ರಂಥಗಳನ್ನು ಮರಾಠಿಗೆ ತಂದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಹೀಬ್ರೂ ಪರೀಕ್ಷಕರೂ ಆದರು. ಹಾಯೀಮ್ ಸ್ಯಾಮ್ಯುಯೆಲ್ ಕೇಹಿಮಕರ 1875ರಲ್ಲಿ ಇಸ್ರೇಲೈಟ್ ಸ್ಕೂಲ್ ತೆರೆದರು. ಇಂಗ್ಲಿಷ್, ಮರಾಠಿಯ ಜೊತೆಗೆ ಹೀಬ್ರೂ, ಅದೂ ತಮ್ಮವರ ಬಾಯಿಂದ. 1880ರ ಸುಮಾರಿಗೆ ಅಬ್ರಹಾಮ, ಜೋಸೆಫರ ಕಥೆಗಳನ್ನು ತಾಳ ಹಾಕಿ ಮರಾಠಿ ಕೀರ್ತನೆಯಾಗಿ ಹಾಡುವುದೂ ಆರಂಭವಾಯಿತು. ಶಾಲೆಗೆ ಬರಲಾಗದ ಅಜ್ಜಿಯರಿಗೆ ಅದೇ ಶಾಲೆ.

ಇಂಥ ಶಾಲೆಯಲ್ಲಿ ಕಲಿಸುವುದಾದರೂ ಏನು? ತೋರಾ ಎಂದರೆ ಮೋಶೆಯ ಹೆಸರಿನ ಐದು ಗ್ರಂಥಗಳು. ಅದನ್ನು 54 ಭಾಗ ಮಾಡಿ, ವಾರಕ್ಕೊಂದು ಭಾಗದಂತೆ, ಕೆಲವು ವಾರ ಎರಡು ಭಾಗ ಕೂಡಿಸಿ, ವರ್ಷಕ್ಕೆ ಮುಗಿಸುತ್ತಾರೆ. ಮುಗಿದ ದಿನವೇ ಮೊದಲ ಸಾಲಿನಿಂದ ಮತ್ತೆ ಆರಂಭ. ಜಗತ್ತಿನ ಬಹುಪಾಲು ಯೆಹೂದಿ ಶಾಲೆಗಳಲ್ಲಿ, ನ್ಯೂಯಾರ್ಕಿರಲಿ ಜೆರುಸಲೇಮಿರಲಿ, ಒಂದು ವಾರ ಒಂದೇ ಭಾಗದ ಪಾಠ. ಅವರ ವಾರಗಳಿಗೆ ಗ್ರಹಗಳ ಹೆಸರಿಲ್ಲ: ಮೊದಲ ದಿನ, ಎರಡನೆಯ ದಿನ, ಹೀಗೆ ಎಣಿಕೆ. ಹೆಸರಿರುವುದು ಏಳನೆಯ ದಿನಕ್ಕೆ ಮಾತ್ರ, ಶಬ್ಬಾತ್. ವಾರವೆಲ್ಲ ಅದರ ಕಡೆಗೇ ನಡೆಯುತ್ತದೆ.

ಮುಂದಿನ ಶನಿವಾರದ ಭಾಗದ ಮೊದಲ ಸಾಲುಗಳನ್ನು ಪ್ರಾರ್ಥನಾಮಂದಿರದಲ್ಲಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಓದುತ್ತಾರೆ. ಆ ಎರಡು ದಿನಗಳೇ ಏಕೆ? ಪ್ರಾಚೀನ ಕಾಲದಲ್ಲಿ ಅವು ಸಂತೆಯ ದಿನಗಳು. ಹಳ್ಳಿಯವರು ಪೇಟೆಗೆ ಬರುತ್ತಿದ್ದರು, ನ್ಯಾಯಪಂಚಾಯಿತಿಯೂ ಅಂದೇ ಕೂಡುತ್ತಿತ್ತು. ನೀರಿಲ್ಲದೆ ಮೂರು ದಿನ ಕಳೆಯಲಾಗದಂತೆ ತೋರಾ ಕೇಳದೆಯೂ ಮೂರು ದಿನ ಕಳೆಯಬಾರದೆಂದು ಅವರ ಹಿರಿಯರು ಲೆಕ್ಕ ಹಾಕಿದರು. ಜನರನ್ನು ಗ್ರಂಥದ ಬಳಿಗೆ ಕರೆಯುವ ಬದಲು ಗ್ರಂಥವನ್ನೇ ಸಂತೆಗೆ ಒಯ್ದ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು.

ಓದುವುದು ಸುಲಭವಲ್ಲ. ತೋರಾ ಸುರುಳಿಯನ್ನು ಚರ್ಮದ ಮೇಲೆ ಕೈಯಿಂದಲೇ ಬರೆಯಬೇಕು. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಗುರುತುಗಳೂ ಇಲ್ಲ. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಹಿರಿಯರಿಗೆ ಜೇರ್, ಜಬರ್ ಇಲ್ಲದ ಬರಹವನ್ನು ಓದುವ ಕಷ್ಟ ಗೊತ್ತು. ಹುಡುಗ ಚಿಹ್ನೆಗಳಿರುವ ಅಚ್ಚಿನ ಪುಸ್ತಕದಲ್ಲಿ ವಾರವೆಲ್ಲ ತಾಲೀಮು ಮಾಡಿ, ರಾಗವನ್ನು ಬಾಯಿಗೆ ಹತ್ತಿಸಿಕೊಂಡು, ಆಮೇಲೆ ಸುರುಳಿಯೆದುರು ನಿಲ್ಲುತ್ತಾನೆ. ಸಾಲಿನ ಮೇಲೆ ಬೆರಳಿಡುವಂತಿಲ್ಲ. ಕೈಯಾಕಾರದ ಬೆಳ್ಳಿಯ ಕಡ್ಡಿಯಿಂದ ತೋರಿಸಿಕೊಂಡು ಓದಬೇಕು. ತಪ್ಪಿದರೆ ಪಕ್ಕದಲ್ಲಿ ನಿಂತವರು ಅಲ್ಲೇ ತಿದ್ದುತ್ತಾರೆ. ಹದಿಮೂರು ತುಂಬಿದ ಹುಡುಗನಿಗೆ ಇದೇ ದೀಕ್ಷೆ.

ಬಾಯಿಪಾಠವಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಮಕ್ಕಳ ಪುಸ್ತಕದಲ್ಲಿ ಮೂಲದ ಪಕ್ಕದಲ್ಲೇ ರಾಶಿ ಎಂಬ ವ್ಯಾಖ್ಯಾನಕಾರನ ಟೀಕೆ ಇರುತ್ತದೆ. ಆತ ಫ್ರಾನ್ಸಿನ ತ್ರೋಯ್ ಊರಿನವನು, ಕಾಲ 1040ರಿಂದ 1105. ಇದು ನಮಗೆ ಪರಿಚಿತ ಕಾಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ ಶಾಸನ 1058ರದು. ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತಿ ಭಂಡಾರಿಗರಿಗೆ ಅಲ್ಲಿ ಏರ್ಪಾಡಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ ಅದೇ ಕಾಲಕ್ಕೆ ಹೊಂದಿಕೊಂಡವನು. ನಮ್ಮ ಜಿಲ್ಲೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಮೂಲವನ್ನು ಮುಟ್ಟದೆ, ಬದಿಯಲ್ಲಿ ನಿಂತು ಅರ್ಥ ಬಿಡಿಸುವ ಕೆಲಸವನ್ನು ಇಬ್ಬರೂ ಮಾಡಿದರು. ವಿಜ್ಞಾನೇಶ್ವರ ನ್ಯಾಯಾಲಯಗಳ ಪಾಲಾದ, ರಾಶಿ ಮಕ್ಕಳ ಪಾಲಾದ. ತೋರಾದ ಮೊದಲ ವಾಕ್ಯಕ್ಕೇ ರಾಶಿಯ ಟೀಕೆ ಒಂದು ಪ್ರಶ್ನೆ ಎತ್ತುತ್ತದೆ: ಇದು ಧರ್ಮಶಾಸ್ತ್ರವಾದರೆ ಮೊದಲ ಆಜ್ಞೆಯಿಂದಲೇ ಆರಂಭಿಸಬಹುದಿತ್ತು, ಸೃಷ್ಟಿಯ ಕಥೆ ಏಕೆ? ಹೀಗೆ ಮಗು ಮೊದಲು ಕಲಿಯುವುದು ಗ್ರಂಥವನ್ನು ಪ್ರಶ್ನಿಸುವ ರೀತಿಯನ್ನು. ಸ್ವಲ್ಪ ದೊಡ್ಡವರಾದ ಮೇಲೆ ಇಬ್ಬಿಬ್ಬರು ಜೋಡಿಯಾಗಿ ಕೂತು ಗಟ್ಟಿಯಾಗಿ ವಾದಿಸುತ್ತಾ ಓದುತ್ತಾರೆ. ಹೊರಗಿನಿಂದ ಕೇಳಿದರೆ ಜಗಳವೆನಿಸುತ್ತದೆ.

ಇಲ್ಲಿ ಶಿಕ್ಷಕರು ಬಹಳ ಜನ ಇರುವುದರಿಂದ ಒಂದು ಮಾತು. ಯೆಹೋಶುವ ಬೆನ್ ಗಮ್ಲಾ ಎಂಬ ಪ್ರಧಾನ ಅರ್ಚಕ ಕ್ರಿ.ಶ. ಮೊದಲ ಶತಮಾನದಲ್ಲಿ ಊರೂರಿಗೆ ಮಾಸ್ತರರನ್ನು ನೇಮಿಸಿ ಆರೇಳು ವರ್ಷದ ಮಕ್ಕಳನ್ನು ಸೇರಿಸಬೇಕೆಂದು ವಿಧಿಸಿದನೆಂದು ತಾಲ್ಮುದ್ ಹೇಳುತ್ತದೆ. ಅಲ್ಲೇ ಲೆಕ್ಕವೂ ಇದೆ: 25 ಮಕ್ಕಳಿಗೆ ಒಬ್ಬ ಮಾಸ್ತರ, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಮಾಸ್ತರರು. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ನಿಮಗೆ ಇದನ್ನು ಕೇಳಿ ನಗು ಬಂದರೆ ತಪ್ಪಿಲ್ಲ. ಅಲ್ಲಿಯೂ ಎಲ್ಲವೂ ಸರಿಯಿರಲಿಲ್ಲ. ಈ ಮಕ್ಕಳೆಂದರೆ ಗಂಡುಮಕ್ಕಳೇ. ಸಂಪ್ರದಾಯಸ್ಥರ ಹೆಣ್ಣುಮಕ್ಕಳಿಗಾಗಿ ಇಂಥ ಶಾಲೆಯನ್ನು 1917ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಆರಂಭಿಸಿದವಳು ಸಾರಾ ಶೆನಿರೆರ್, ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸು.

ಶುಕ್ರವಾರ ಶಾಲೆ ಬೇಗ ಬಿಡುತ್ತದೆ, ಸೂರ್ಯ ಮುಳುಗುವುದರೊಳಗೆ ಮನೆಯ ಅಡುಗೆಯೆಲ್ಲ ಮುಗಿಯಬೇಕು. ತಾಯಿ ದೀಪ ಹಚ್ಚಿದ ಮೇಲೆ ಒಲೆ ಹೊತ್ತಿಸುವಂತಿಲ್ಲ. ಮಗುವಿನ ಚೀಲದಲ್ಲಿ ಆ ವಾರದ ಪಾಠದ ಪ್ರಶ್ನೆಗಳ ಹಾಳೆ ಇರುತ್ತದೆ. ಊಟಕ್ಕೆ ಕೂತಾಗ ತಂದೆ ಅದನ್ನು ಹಿಡಿದು ಕೇಳುತ್ತಾನೆ, ಮಗು ಹೇಳುತ್ತದೆ. ತಂದೆಗೆ ಗೊತ್ತಿಲ್ಲದಿದ್ದರೆ ಅವನೂ ಅಲ್ಲಿಯೇ ಕಲಿಯುತ್ತಾನೆ. ಮರುದಿನ ಮಂದಿರದಲ್ಲಿ ಅದೇ ಭಾಗವನ್ನು ಪೂರ್ತಿ ಓದುವಾಗ ಮಗು ಅಪರಿಚಿತ ಮಂತ್ರ ಕೇಳಿದಂತೆ ಕೂರುವುದಿಲ್ಲ. ಶಾಲೆ, ಊಟದ ಸಾಲು, ಮಂದಿರ ಮೂರೂ ಕಡೆ ಆ ವಾರ ಒಂದೇ ಪುಟ. ನಮ್ಮ ಮಠಗಳಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತದೆ. ಮಕ್ಕಳು ಪ್ರಸಾದಕ್ಕೆ ಬರುತ್ತಾರೆ, ಪುರಾಣದ ಮಾತು ಮರುದಿನ ಶಾಲೆಗೆ ಬರುವುದಿಲ್ಲ. ಈ ಅಂತರವನ್ನು ಗಮನಿಸಿರೆಂದಷ್ಟೇ ಹೇಳುತ್ತೇನೆ.

ಮುಂಬಯಿಯ ಶಾಲೆಗೆ ಮುಂದೆ ಸರ್ ಏಲಿ ಕದೂರಿಯವರ ನೆರವು ಸಿಕ್ಕಿ ಅವರ ಹೆಸರು ಬಂತು. ಆದರೆ 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬೆನೆ ಇಸ್ರೇಲ್ ಕುಟುಂಬಗಳು ಒಂದೊಂದಾಗಿ ಹಡಗು ಹತ್ತಿದವು. ಭಾರತದಲ್ಲಿ ಯಾರೂ ಅವರನ್ನು ಹೊಡೆದಟ್ಟಿರಲಿಲ್ಲ. ಹೋದವರೂ ಅದನ್ನೇ ಹೇಳುತ್ತಿದ್ದರು. ಅಲ್ಲಿ ಮಾತ್ರ ಕೆಲವು ರಬ್ಬಿಗಳು ಇವರ ಯೆಹೂದ್ಯತನಕ್ಕೇ ಪುರಾವೆ ಕೇಳಿದರು. ಎರಡು ಸಾವಿರ ವರ್ಷ ಗ್ರಂಥ ಕಾಣದವರು ಮದುವೆಯ ನಿಯಮಗಳನ್ನು ಹೇಗೆ ಪಾಲಿಸಿರಲು ಸಾಧ್ಯ ಎಂಬುದು ಅವರ ಸಂಶಯ. ಶನಿವಾರ ನಿಂತ ಗಾಣ ಸಾಕ್ಷಿಯಾಗಲಿಲ್ಲ. ಬೆನೆ ಇಸ್ರೇಲ್ ಜನ ಜೆರುಸಲೇಮಿನಲ್ಲಿ ಧರಣಿ ಕೂತರು. 1964ರ ಆಗಸ್ಟ್‌ನಲ್ಲಿ ಇಸ್ರೇಲಿನ ಸಂಸತ್ತು ಅವರು ಎಲ್ಲ ರೀತಿಯಲ್ಲೂ ಸಮಾನರೆಂದು ಸಾರಬೇಕಾಯಿತು.

ಈಗ ಮಜಗಾಂವದ ಆ ಶಾಲೆಯಲ್ಲಿ ಕಲಿಯುವವರಲ್ಲಿ ಮುಸಲ್ಮಾನರ ಮಕ್ಕಳೇ ಹೆಚ್ಚು. 1881ರಲ್ಲಿ ಆರಂಭವಾದ ಕಲಕತ್ತೆಯ ಯೆಹೂದಿ ಹೆಣ್ಣುಮಕ್ಕಳ ಶಾಲೆಯದೂ ಅದೇ ಕಥೆ. ಹೆಸರು ಹಾಗೆಯೇ ಇದೆ, ಬಹುತೇಕ ಎಲ್ಲ ವಿದ್ಯಾರ್ಥಿನಿಯರೂ ಮುಸ್ಲಿಮರು. ಸಮುದಾಯ ಹೋದರೂ ಬಾಗಿಲು ಮುಚ್ಚದೆ ಓಣಿಯ ಮಕ್ಕಳನ್ನು ಒಳಗೆ ಬಿಟ್ಟುಕೊಂಡದ್ದು ಸರಿಯಾದ ಕೆಲಸವೆಂದೇ ನನ್ನ ಎಣಿಕೆ. ಅತ್ತ ಇಸ್ರೇಲಿನಲ್ಲಿ ಕೇಹಿಮಕರ, ದಿವೇಕರರ ಮೊಮ್ಮಕ್ಕಳಿಗೆ ಹೀಬ್ರೂವೇ ಬೀದಿಯ ಭಾಷೆ. ತೋರಾ ಓದಲು ಅವರಿಗೆ ವಿಲ್ಸನ್ನರ ವ್ಯಾಕರಣ ಬೇಡ. ಅಜ್ಜಿಯ ಮರಾಠಿ ಮಾತ್ರ ತಿಳಿಯುವುದಿಲ್ಲ. ಅದು ಪೂರ್ತಿ ಮರೆತುಹೋಗದಿರಲೆಂದು ಅಲ್ಲಿಗೆ ಹೋದ ಮೊದಲ ತಲೆಮಾರಿನವರು 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆಯನ್ನು ಇಸ್ರೇಲಿನಿಂದಲೇ ಹೊರತಂದರು.