ಬಳೆ ತೊಡುವವರು, ಬಳೆ ಮಾಡುವವರು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಈ ಸೀಮೆಯ ಸಂಚಾರಕ್ಕೆ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸದ ವಿವರವನ್ನು ಬರೆದಿಟ್ಟ. ಸೌಳು ಮಣ್ಣು, ಬೆಣಚುಕಲ್ಲಿನ ಪುಡಿ, ಕುಲುಮೆ, ಮೂಸೆ, ಗಾಜಿನ ಬಣ್ಣಗಳು, ಇವೆಲ್ಲ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಸೇರಿವೆ. ಮತ್ತೋಡಿನ ಗಾಜು ಹೇಗೆ ಆಗುತ್ತಿತ್ತು ಎಂದು ತಿಳಿಯಬೇಕಾದರೆ ನಾವು ಇಂದು ಈ ಪರದೇಶಿಯ ಪುಸ್ತಕವನ್ನೇ ತೆರೆಯಬೇಕಾಗಿದೆ. ಬಳೆ ತೊಡುವುದನ್ನು ಮಾತ್ರ ಯಾರೂ ಬರೆದಿಡಬೇಕಾಗಿರಲಿಲ್ಲ. ಅದು ತಾಯಿಯಿಂದ ಮಗಳಿಗೆ ಬಂದಿತು.

ಗಾಜಿನ ಬಳೆಗೂ ಗಣಕಯಂತ್ರಕ್ಕೂ ಏನು ನಂಟು ಎಂದು ನೀವು ಕೇಳಬಹುದು. ತಂತ್ರಾಂಶವೂ, ಅಂದರೆ ಸಾಫ್ಟ್‌ವೇರೂ, ಬಳೆಯ ಹಾಗೆಯೇ ಇಬ್ಬರ ಸೊತ್ತು. ಅದನ್ನು ಬಳಸುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಕೈಪಿಡಿ ಬರೆಯಲು ಕುಳಿತವರು ಈ ಇಬ್ಬರನ್ನೂ ಒಂದೇ ಪುಸ್ತಕದೊಳಗೆ ಕೂಡಿಸಲು ಹೋಗಿ ಇಬ್ಬರಿಗೂ ಬೇಸರ ತರಿಸುವುದುಂಟು.

ನಮ್ಮ ‘ನುಡಿ’ಯನ್ನೇ ನೋಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವಿದೆ. ಪಂಚಾಯತಿ ಕಚೇರಿಯ ಗುಮಾಸ್ತರೊಬ್ಬರು ‘ಅಕ್ಕ’ ಎಂದು ಬರೆಯಬೇಕು ಎನ್ನಿ. ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿಗಳನ್ನು ಒತ್ತಿದರೆ ತೀರಿತು. ಎಫ್ ಒತ್ತಕ್ಷರವನ್ನು ಕೂಡಿಸುವ ಕೀಲಿ. ಅವರಿಗೆ ಬೇಕಾದುದು ಇಷ್ಟೇ, ಅದೂ ಮೊದಲ ಪುಟದಲ್ಲೇ. ಸಂಸ್ಥೆಯ ಚರಿತ್ರೆ, ಅಧ್ಯಕ್ಷರ ಮುನ್ನುಡಿ ಕೊನೆಗಿದ್ದರೂ ಅವರು ಕೋಪಿಸಿಕೊಳ್ಳುವುದಿಲ್ಲ.

ತಂತ್ರಾಂಶ ಬರೆಯುವವರ ಪ್ರಶ್ನೆಯೇ ಬೇರೆ. ಆ ‘ಅಕ್ಕ’ ಕಡತದೊಳಗೆ ಯಾವ ಅಂಕಿಗಳಾಗಿ ಉಳಿಯಿತು ಎಂಬುದು ಅವರಿಗೆ ಬೇಕು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಅಲ್ಲಿ ಈ ಪದ ಅ, ಕ, ವಿರಾಮ ಚಿಹ್ನೆ, ಕ ಎಂದು ನಾಲ್ಕು ಸಂಕೇತಗಳಾಗಿ ನಿಲ್ಲುತ್ತದೆ. ಹಳೆಯ ‘ನುಡಿ’, ‘ಬರಹ’ ಮೊದಲಾದವುಗಳ ಅಕ್ಷರರೂಪಗಳಲ್ಲಾದರೋ ಕಡತದಲ್ಲಿ ಕೂತಿರುವುದು ಅಕ್ಷರದ ಆಕಾರ: ತಲೆಕಟ್ಟು, ಕೊಂಬು, ಒತ್ತು ಎಂಬ ತುಂಡುಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಅರ್ಜಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಮತ್ತೆ ಕನ್ನಡವಾಗಿಸಲು ಯಾವ ತುಂಡಿಗೆ ಯಾವ ಅಂಕಿ ಎಂಬ ಪಟ್ಟಿ ಕೈಯಲ್ಲಿರಬೇಕು. ಪಟ್ಟಿಯೊಂದೇ ಸಾಲದು, ಯಾವ ತುಂಡು ಯಾವುದರ ಹಿಂದೆ ಬರುತ್ತದೆ, ಯಾವುದನ್ನು ಮುಂದಕ್ಕೆ ಸರಿಸಬೇಕು ಎಂಬ ನಿಯಮವೂ ಬೇಕು. ಬಳಸುವವರ ಕೈಪಿಡಿ ಎಷ್ಟೇ ಸೊಗಸಾಗಿದ್ದರೂ ಈ ಹೊತ್ತಿಗೆ ಅದರಿಂದ ಪ್ರಯೋಜನವಿಲ್ಲ. ಲಕ್ಷಗಟ್ಟಲೆ ಪುಟಗಳ ಕನ್ನಡ ಬರಹ ಓದಲು ದಕ್ಕುವುದೋ ಇಲ್ಲವೋ ಎಂಬುದು, ಯಾರೂ ಓದಲಾರರೆಂದು ಬದಿಗಿಟ್ಟ ಇಂತಹ ಪಟ್ಟಿಗಳ ಮೇಲೆ ನಿಂತಿದೆ.

ಆದ್ದರಿಂದ ತಂತ್ರಾಂಶಕ್ಕೆ ಕೈಹಾಕಿದ ದಿನವೇ ಎರಡು ಪುಸ್ತಕಗಳನ್ನು ತೆರೆಯುವುದು ಲೇಸು. ಬಳಸುವವರ ಪುಸ್ತಕಕ್ಕೆ ಅಧ್ಯಾಯಗಳನ್ನು ಯಂತ್ರದ ಗುಂಡಿಗಳ ಕ್ರಮದಲ್ಲಿ ಹಂಚಬೇಡಿ. ಪತ್ರ ಬರೆಯುವುದು, ಅಚ್ಚು ಹಾಕುವುದು, ತಪ್ಪಿದರೆ ಹಿಂದಿರುಗುವುದು ಎಂದು ಕೆಲಸಗಳ ಕ್ರಮದಲ್ಲಿ ಹಂಚಿ. ಕಟ್ಟುವವರ ಪುಸ್ತಕದಲ್ಲಿ, ಏನು ಮಾಡಿದಿರಿ ಎಂಬುದಕ್ಕಿಂತ ಏಕೆ ಮಾಡಿದಿರಿ ಎಂಬುದಕ್ಕೆ ಹೆಚ್ಚು ಜಾಗ ಕೊಡಿ. ಮಾಡಿದ್ದು ತಂತ್ರಾಂಶದ ಸಾಲುಗಳಲ್ಲೇ ಕಾಣುತ್ತದೆ; ಕಾರಣವಾದರೋ ಮಾಡಿದವರ ತಲೆಯಲ್ಲಿರುತ್ತದೆ, ಅವರು ಕೆಲಸ ಬಿಟ್ಟ ದಿನ ಅವರೊಡನೆ ಹೊರಟುಹೋಗುತ್ತದೆ. ಎರಡಕ್ಕೂ ಆವೃತ್ತಿಯ ಅಂಕಿ, ತಾರೀಖು ಹಾಕಿ. ತಂತ್ರಾಂಶ ಬದಲಾದಾಗ ತಿದ್ದುವ ಹೊಣೆ ಯಾರದೆಂದು ಈಗಲೇ ಗೊತ್ತುಮಾಡಿ.

ಬರೆದಾದ ಮೇಲೆ ಆ ತಂತ್ರಾಂಶವನ್ನು ಕಂಡರಿಯದ ಒಬ್ಬರ ಕೈಗೆ ಮೊದಲ ಪುಸ್ತಕವನ್ನು ಕೊಟ್ಟು, ಅವರ ಹಿಂದೆ ಸುಮ್ಮನೆ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ, ಇದು ಬಹಳ ಕಷ್ಟ, ನಾನು ಬಲ್ಲೆ. ಅವರ ಬೆರಳು ಕೀಲಿಯ ಮೇಲೆ ಎಲ್ಲಿ ತಡೆದು ನಿಂತಿತೋ ಆ ಪುಟಕ್ಕೆ ಗುರುತು ಹಾಕಿಕೊಂಡು, ಸಂಜೆ ಅದನ್ನು ಮತ್ತೆ ಬರೆಯಿರಿ.