ಹಳೆಯ ಫೋನಿನ ಆಯುಷ್ಯ ಬರೆಯುವವರು ಯಾರು?

(ಬಳಗದ ಸಭೆಯಲ್ಲಿ ಗ್ರಾಮಸ್ಥರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಗಣಿಗಾರಿಕೆ, ಅಣೆಕಟ್ಟು, ಅಕೇಶಿಯಾ ನೆಡುತೋಪು, ಬೇಸಿಗೆಗೆ ಮೊದಲೇ ಬತ್ತುವ ಹಳ್ಳಗಳು, ಇಂಥ ವಿಚಾರಗಳನ್ನು ಚರ್ಚಿಸಿ ಅಭ್ಯಾಸವಾಗಿರುವ ಈ ಸಭೆಗೆ ಮೊಬೈಲ್ ಫೋನಿನ ವಿಷಯ ಹೊರಗಿನದೆಂದು ತೋರಬಹುದು. ನಿನ್ನೆ ರಾತ್ರಿ ನಾನು ಉಳಿದುಕೊಂಡಿದ್ದ ಮನೆಯ ಹಿರಿಯರು, "ಅದು ಬೆಂಗಳೂರಿನವರ ರಗಳೆಯಲ್ಲವೇ? ನಮಗೇಕೆ?" ಎಂದು ಕೇಳಿಯೇಬಿಟ್ಟರು. ಹಾಗೆ ಕೇಳುವಾಗ ಅವರ ಕೈಯಲ್ಲಿದ್ದ ಫೋನು ಬೆಂಗಳೂರಿನಲ್ಲಿರುವ ಮಗ ಬಳಸಿ ಬಿಟ್ಟದ್ದು. ನಾನು ಹೇಳಬೇಕೆಂದಿರುವುದು ಆ ಫೋನಿನ ಕಥೆಯನ್ನೇ.

ನಾನಿರುವುದು ದಕ್ಷಿಣ ಬೆಂಗಳೂರಿನ ಜಯನಗರದಲ್ಲಿ. ಅಲ್ಲಿಯ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯ ಸುತ್ತ, ಬನಶಂಕರಿಯಲ್ಲಿ, ಬಿ.ಟಿ.ಎಂ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಮೊಬೈಲ್ ರಿಪೇರಿಯ ಪುಟ್ಟ ಅಂಗಡಿಗಳಿವೆ. ಒಂದು ಮೇಜು, ಒಂದು ಭೂತಗನ್ನಡಿ, ಬೆಸುಗೆ ಕಡ್ಡಿ, ಅಂಟು ಸಡಿಲಿಸಲು ಬಿಸಿಗಾಳಿಯ ಯಂತ್ರ, ಅಷ್ಟೇ ಬಂಡವಾಳ. ಒಮ್ಮೆ ನನ್ನ ಫೋನಿನ ಚಾರ್ಜಿಂಗ್ ಪಿನ್ನು ಸರಿಮಾಡಿಸಲು ಹೋಗಿದ್ದೆ. ಪಕ್ಕದಲ್ಲಿ ಮಲೆನಾಡಿನ ಕಡೆಯ ತರುಣನೊಬ್ಬ ನಿಂತಿದ್ದ. ತನ್ನ ಹಳೆಯ ಫೋನಿಗೆ ಹೊಸ ಗಾಜು, ಹೊಸ ಬ್ಯಾಟರಿ ಹಾಕಿಸಿ ಊರಿನಲ್ಲಿರುವ ತಾಯಿಗೆ ಕೊಂಡೊಯ್ಯುವ ಆಸೆ ಅವನದು. ರಿಪೇರಿಯವರು ಫೋನನ್ನು ತಿರುಗಿಸಿ ನೋಡಿ, "ಗಾಜು ಹಾಕ್ತೀನಿ, ಬ್ಯಾಟರೀನೂ ಹಾಕ್ತೀನಿ. ಆದರೆ ಇದಕ್ಕೆ ಅಪ್‌ಡೇಟ್ ಬರೋದು ನಿಂತು ಎರಡು ವರ್ಷ ಆಯ್ತು. ಬ್ಯಾಂಕಿನ ಆ್ಯಪ್ ಇವತ್ತು ನಡೀಬಹುದು, ನಾಳೆ ನಡೆಯಲ್ಲ. ಅದನ್ನ ನಾನು ರಿಪೇರಿ ಮಾಡೋಕಾಗಲ್ಲ" ಎಂದರು. ತರುಣ ಸುಮ್ಮನೆ ನಿಂತ. ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಸವೆದಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಫೋನಿಗೆ ಇಷ್ಟು ವರ್ಷ ತಂತ್ರಾಂಶದ ನವೀಕರಣ ಕೊಡುತ್ತೇವೆಂದು ಕಂಪನಿ ಹೇಳಿದಾಗ ಆ ವರ್ಷಗಳನ್ನು ಎಣಿಸುವುದು ಸಾಮಾನ್ಯವಾಗಿ ಆ ಮಾದರಿ ಮಾರುಕಟ್ಟೆಗೆ ಬಿಡುಗಡೆಯಾದ ದಿನದಿಂದ. ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯೆನ್ನೋಣ. ಬಿಡುಗಡೆಯಾಗಿ ವರ್ಷ ಕಳೆದು ಬೆಲೆ ಇಳಿದ ಮೇಲೆ ಮಗ ಕೊಳ್ಳುತ್ತಾನೆ. ಎರಡು ವರ್ಷ ಬಳಸಿ, ದೀಪಾವಳಿಗೆ ಊರಿಗೆ ಬಂದಾಗ ಅಪ್ಪನಿಗೋ ಅಮ್ಮನಿಗೋ ಕೊಡುತ್ತಾನೆ. ಆಗ ಉಳಿದಿರುವುದು ಒಂದೇ ವರ್ಷ. ಅಗ್ಗದ ಫೋನುಗಳಿಗೆ ಬಹುಕಾಲ ಎರಡು ವರ್ಷದ ನವೀಕರಣವೂ ಸರಿಯಾಗಿ ದೊರೆಯುತ್ತಿರಲಿಲ್ಲ. ಅಂಥವು ಊರು ತಲುಪುವ ಹೊತ್ತಿಗೆ ಅವುಗಳ ಗಡುವು ಮುಗಿದೇ ಹೋಗಿರುತ್ತಿತ್ತು. ನಗರದಲ್ಲಿ ಹೊಸತನ್ನು ಕೊಳ್ಳುವವನಿಗೆ ಈ ಗಡುವು ಕಾಣುವುದೇ ಇಲ್ಲ. ಅದು ಬಂದು ಬಡಿಯುವುದು ಸರಪಳಿಯ ಕೊನೆಯ ಕೊಂಡಿಯಾದ ನಿಮ್ಮನ್ನು.

ನವೀಕರಣ ನಿಲ್ಲುವುದೇಕೆ? ಆಂಡ್ರಾಯ್ಡ್ ಫೋನಿನ ಮೂಲ ತಂತ್ರಾಂಶವನ್ನು ಗೂಗಲ್ ಸಿದ್ಧಪಡಿಸುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್ ಮೊದಲಾದ ಚಿಪ್ ತಯಾರಕರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸುತ್ತಾರೆ. ಬಳಿಕ ಫೋನ್ ಕಂಪನಿ ತನ್ನ ಮಾದರಿಗೆ ಹೊಂದಿಸಿ ನಿಮಗೆ ಕಳುಹಿಸುತ್ತದೆ. ಅಡಿಕೆ ತೋಟಕ್ಕೆ ಮೂರು ಕಡೆ ಮಡೆ ಕಟ್ಟಿ ನೀರು ತಂದಂತೆ ಇದು: ಮೇಲಿನವನೊಬ್ಬ ಮಡೆ ಮುಚ್ಚಿದರೆ ಸಾಕು, ಕೆಳಗೆ ನೀರಿಲ್ಲ. ಚಿಪ್ ಕಂಪನಿ ಹಳೆಯ ಚಿಪ್ಪನ್ನು ಕೈಬಿಟ್ಟರೆ ಫೋನ್ ಕಂಪನಿ ಮನಸ್ಸು ಮಾಡಿದರೂ ಮುಂದುವರಿಸುವುದು ಕಷ್ಟ. ಮನಸ್ಸು ಮಾಡುವುದೂ ಅಪರೂಪವೆನ್ನಿ; ಮಾರಿ ಹಣ ಎಣಿಸಿಕೊಂಡ ಫೋನಿಗೆ ಇಂಜಿನಿಯರುಗಳ ಸಂಬಳ ಸುರಿಯಲು ಯಾವ ವ್ಯಾಪಾರಿಗೆ ಉತ್ಸಾಹ? ಇತ್ತ ಆ್ಯಪ್ ತಯಾರಿಸುವವರು ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಕೈಬಿಡುತ್ತ ಹೋಗುತ್ತಾರೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ 2025ರ ಜನವರಿ 1ರಿಂದ ವಾಟ್ಸಾಪ್‌ಗೆ ಬೆಂಬಲ ನಿಂತುಹೋಯಿತು.

ವಸ್ತುವನ್ನು ಬೇಕೆಂದೇ ಬೇಗ ಹಳತಾಗಿಸುವ ಬುದ್ಧಿ ಹೊಸದೇನಲ್ಲ. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದ ವಿದ್ಯುದ್ದೀಪ ಕಂಪನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬು ಸಾವಿರ ಗಂಟೆಗಿಂತ ಹೆಚ್ಚು ಉರಿಯದಂತೆ ಒಪ್ಪಂದ ಮಾಡಿಕೊಂಡವು. ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯನಿಗೆ ದಂಡ! ಆದರೆ ಬಲ್ಬಿನ ಕಾಲದಲ್ಲಿ ಮಾರಾಟವಾದ ವಸ್ತುವಿನ ಮೇಲೆ ಕಂಪನಿಯ ಕೈ ಇರುತ್ತಿರಲಿಲ್ಲ. ಫೋನು ಹಾಗಲ್ಲ. ಅದು ನಿಮ್ಮ ಜೇಬಿನಲ್ಲಿದ್ದರೂ ಸಾವಿರಾರು ಮೈಲಿ ದೂರದಿಂದ ಅದರ ನಡೆಯನ್ನು ಬದಲಿಸಬಹುದು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ನವೀಕರಣದ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಅದರಲ್ಲಿ ತಾಂತ್ರಿಕ ಸತ್ಯವಿಲ್ಲದಿಲ್ಲ. ಆದರೆ ಬ್ಯಾಟರಿ ಬದಲಿಸಿದರೆ ಸಾಕು ಎಂಬುದನ್ನು ಗ್ರಾಹಕನಿಗೆ ಹೇಳದೆ ಮುಚ್ಚಿಟ್ಟದ್ದಕ್ಕೆ ಸಮಜಾಯಿಷಿ ಎಲ್ಲಿದೆ? 2018ರಲ್ಲಿ ಇಟಲಿಯ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ, ಇಂಥದೇ ಇನ್ನೊಂದು ಪ್ರಕರಣದಲ್ಲಿ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಫ್ರಾನ್ಸ್ 2020ರಲ್ಲಿ ಆ್ಯಪಲ್‌ನಿಂದ 2.5 ಕೋಟಿ ಯೂರೋ ವಸೂಲಿ ಮಾಡಿತು. ನಮ್ಮಲ್ಲೂ ಐಒಎಸ್ 18ರ ನವೀಕರಣದ ನಂತರ ಫೋನು ಸರಿಯಾಗಿ ನಡೆಯುತ್ತಿಲ್ಲವೆಂಬ ದೂರುಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸು ಕೊಟ್ಟಿರುವುದಾಗಿ ಸಚಿವ ಪ್ರಹ್ಲಾದ ಜೋಶಿಯವರು 2025ರ ಜನವರಿಯಲ್ಲಿ ತಿಳಿಸಿದರು.

ಇದನ್ನು ಕೇಳಿ, ಹಾಗಾದರೆ ಅಪ್‌ಡೇಟ್ ಹಾಕಿಸಿಕೊಳ್ಳುವುದೇ ಬೇಡ ಎಂದು ಯಾರೂ ತೀರ್ಮಾನಿಸಬಾರದು. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಪತ್ತೆಯಾದಾಗ, ಕೇವಲ ಒಂದು ಸಂದೇಶ ಕಳುಹಿಸಿ ಆಂಡ್ರಾಯ್ಡ್ ಫೋನಿನೊಳಕ್ಕೆ ನುಗ್ಗಬಹುದೆಂದು ತಿಳಿಯಿತು. ಗೂಗಲ್ ತಿಂಗಳಿಗೊಮ್ಮೆ ಭದ್ರತಾ ತೇಪೆ ಹಾಕಲು ಆರಂಭಿಸಿದ್ದು ಆ ಬಳಿಕವೇ. ಹಾಲಿನ ಡೇರಿಯ ಹಣ, ಅಡಿಕೆ ಮಂಡಿಯ ಹಣ ಫೋನಿನಲ್ಲಿ ಬಂದು ಬೀಳುವ ಈ ಕಾಲದಲ್ಲಿ ತೇಪೆಯಿಲ್ಲದ ಫೋನು ಅಗಳಿಯಿಲ್ಲದ ಬಾಗಿಲು. ನನ್ನ ತಕರಾರು ನವೀಕರಣದ ಮೇಲಲ್ಲ, ಅದನ್ನು ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿ ಮಾತ್ರ ಇರುವುದರ ಮೇಲೆ.

'ನನಗೆ ಸ್ಮಾರ್ಟ್‌ಫೋನೇ ಬೇಡ' ಎನ್ನುವ ಸ್ವಾತಂತ್ರ್ಯವಾದರೂ ನಿಮಗೆ ಉಳಿದಿದೆಯೇ? ನಮ್ಮ ರಾಜ್ಯದಲ್ಲಿ ರೈತರೇ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ಹೊಲದ ಚಿತ್ರ ತೆಗೆದು ದಾಖಲಿಸುವ ಪದ್ಧತಿ 2020ರಲ್ಲಿ ಬಂತು. ಉದ್ಯೋಗ ಖಾತರಿಯ ಕೂಲಿಗಳ ಹಾಜರಿಯನ್ನು ಆ್ಯಪ್‌ನಲ್ಲೇ ದಾಖಲಿಸಬೇಕೆಂಬ ನಿಯಮ 2023ರ ಜನವರಿಯಿಂದ ಎಲ್ಲ ಕಾಮಗಾರಿಗಳಿಗೂ ಕಡ್ಡಾಯವಾಯಿತು. ಫೋನಿನಲ್ಲಿ ಆ್ಯಪ್ ತೆರೆಯದಿದ್ದರೆ ಗುದ್ದಲಿ ಹಿಡಿದು ದುಡಿದ ದಿನವೇ ಲೆಕ್ಕದಿಂದ ಬಿದ್ದುಹೋಗುವ ಸ್ಥಿತಿ. ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಇದಕ್ಕೆ ಉತ್ತರ ಕೊಟ್ಟ ಬಗೆ ನೆನಪಿಡತಕ್ಕದ್ದು. ಸರ್ಕಾರ ಕೊಟ್ಟಿದ್ದ ಅಲ್ಪಸಾಮರ್ಥ್ಯದ ಫೋನುಗಳಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ನಡೆಯದಾದಾಗ, 2021ರ ಆಗಸ್ಟಿನಲ್ಲಿ ಅವರು ಸಾವಿರಾರು ಫೋನುಗಳನ್ನು ಒಟ್ಟಾಗಿ ಕಚೇರಿಗಳಿಗೆ ಹಿಂದಿರುಗಿಸಿದರು. ಆ್ಯಪನ್ನು ಹೊರೆಯಾಗಿಸಿದವರೇ ಫೋನಿನ ಹೊಣೆಯನ್ನೂ ಹೊರಲಿ ಎಂಬುದು ಅವರ ನ್ಯಾಯ. ನನಗದು ಸಂಪೂರ್ಣ ಸರಿಯೆನಿಸುತ್ತದೆ.

ಈಗ ಈ ಸಭೆಯ ಮೂಲ ಕಾಳಜಿಗೆ ಬರುತ್ತೇನೆ. ಒಂದು ಸ್ಮಾರ್ಟ್‌ಫೋನು ತನ್ನ ಜೀವಿತದಲ್ಲಿ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ಬಹುಪಾಲು ಉಂಟಾಗುವುದು ಅದನ್ನು ತಯಾರಿಸುವಾಗ, ಬಳಸುವಾಗಲ್ಲ. ಆದ್ದರಿಂದ ಎರಡು ವರ್ಷಕ್ಕೊಂದು ಫೋನಿಗೂ ಆರು ವರ್ಷಕ್ಕೊಂದು ಫೋನಿಗೂ ಇರುವ ಅಂತರ, ರಾತ್ರಿ ಚಾರ್ಜರ್ ಆರಿಸಿ ಮಲಗುವುದರಿಂದ ತುಂಬುವಂಥದ್ದಲ್ಲ. ಕುದುರೆಮುಖದ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಾಗ ನಮ್ಮ ಬೆಟ್ಟ ಉಳಿಯಿತೆಂದು ನಿಟ್ಟುಸಿರು ಬಿಟ್ಟವರು ನಾವು. ಫೋನಿನ ಬ್ಯಾಟರಿಯೊಳಗಿರುವುದು ಬೇರೆ ಯಾರದೋ ಬೆಟ್ಟ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ್ದು. ಅಲ್ಲಿ ಕೈಗುದ್ದಲಿ ಹಿಡಿದು ಸುರಂಗಕ್ಕಿಳಿಯುವವರಲ್ಲಿ ಮಕ್ಕಳೂ ಇದ್ದಾರೆ. ಲಿಥಿಯಮ್ಮಿಗಾಗಿ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಉಪ್ಪುನೀರು ಎತ್ತಿ ಒಣಗಿಸುತ್ತಾರೆ. ನಾಳೆ ಅದು ನಮ್ಮದೇ ನೆಲವಾಗಬಹುದು: ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ ಸುಮಾರು 1,600 ಟನ್ ಲಿಥಿಯಮ್ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ.

ಸತ್ತ ಫೋನಿನ ಕಥೆ ಇನ್ನೊಂದು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಬೆಂಗಳೂರಿನ ಸಮೀಪ ದಾಬಸ್‌ಪೇಟೆಯಲ್ಲಿ 2005ರಲ್ಲೇ 'ಇ-ಪರಿಸರ' ಎಂಬ ಮರುಬಳಕೆ ಘಟಕ ಆರಂಭವಾಯಿತು. ದೇಶದ ಮೊದಮೊದಲ ಘಟಕಗಳಲ್ಲಿ ಅದೂ ಒಂದು. ಆದರೂ ಗುಜರಿಗೆ ಬೀಳುವ ಬಹಳಷ್ಟು ವಸ್ತು ಇಕ್ಕಟ್ಟಾದ ಓಣಿಗಳಲ್ಲಿ ಬರಿಗೈಯಲ್ಲಿ ಒಡೆಯಲ್ಪಡುತ್ತದೆ. ಬೋರ್ಡನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ, ಉಳಿದ ನೀರು ಚರಂಡಿಗೆ. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಅದಿರು ತೆಗೆಯುತ್ತಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು; ಅಂಥ ಅದಿರಿನ ಒಂದು ಟನ್ನಿನಲ್ಲಿ ಕೆಲವೇ ಗ್ರಾಂ ಚಿನ್ನವಿದ್ದರೆ, ಒಂದು ಟನ್ ಹಳೆಯ ಫೋನುಗಳಲ್ಲಿ ನೂರು ಗ್ರಾಮಿಗೂ ಹೆಚ್ಚಿರುತ್ತದೆ. ಓಣಿಯ ಬಡವನನ್ನು ಆಮ್ಲದ ತೊಟ್ಟಿಯ ಮುಂದೆ ಕೂರಿಸಿರುವುದು ಈ ಲೆಕ್ಕವೇ.

2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರಿಗೆ ಗುರಿ ನಿಗದಿ ಮಾಡಿವೆ. ಮೊದಲ ಎರಡು ವರ್ಷ ಶೇ. 60, ಆನಂತರ 70, 2027-28ರಿಂದ 80. ಒಳ್ಳೆಯದೇ. ಆದರೆ ಆ ಲೆಕ್ಕ ಮುಖ್ಯವಾಗಿ ಸತ್ತ ವಸ್ತುವಿನ ತೂಕದ್ದು. ಫೋನು ಸಾಯುವ ದಿನವನ್ನು ಮುಂದೂಡಿಸುವ ನಿಯಮ ಬೇಕಲ್ಲವೇ? ಅಂಥದೊಂದು 2025ರ ಜೂನ್ 20ರಿಂದ ಯುರೋಪಿನಲ್ಲಿ ಅನ್ವಯವಾಗಿದೆ. ಅದರಂತೆ ಒಂದು ಮಾದರಿಯ ಮಾರಾಟ ಕೊನೆಗೊಂಡ ದಿನದಿಂದ ಕನಿಷ್ಠ ಐದು ವರ್ಷ ನವೀಕರಣ ಒದಗಿಸಬೇಕು, ಏಳು ವರ್ಷ ಬಿಡಿಭಾಗಗಳು ಸಿಗಬೇಕು. 'ಮಾರಾಟ ಕೊನೆಗೊಂಡ ದಿನದಿಂದ' ಎಂಬ ಮಾತನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಿ. ನಾನು ಮೊದಲು ಹೇಳಿದ ಗಡಿಯಾರ ಅಲ್ಲಿ ತಿರುಗಲು ಆರಂಭಿಸುವ ಜಾಗವೇ ಬದಲಾಗಿದೆ. ಮಗನಿಂದ ತಾಯಿಗೆ ಬಂದ ಫೋನಿಗೂ ಅದರಿಂದ ಆಯುಷ್ಯ ಉಳಿಯುತ್ತದೆ.

ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ 'ದುರಸ್ತಿ ಸೂಚ್ಯಂಕ'ದ ಬಗ್ಗೆ ಸಮಿತಿ ರಚಿಸಿತು. 2025ರ ಮೇ ತಿಂಗಳಲ್ಲಿ ವರದಿ ಬಂದಿತು. ಫೋನು ಎಷ್ಟು ಸುಲಭವಾಗಿ ಬಿಚ್ಚಲು ಬರುತ್ತದೆ, ಬಿಡಿಭಾಗ ಸಿಗುತ್ತದೆಯೇ, ತಂತ್ರಾಂಶದ ನವೀಕರಣ ಎಷ್ಟು ಕಾಲ ಎಂಬುದನ್ನೆಲ್ಲ ಅಳೆದು ಅಂಕ ಕೊಡುವ ಯೋಚನೆ ಅದು. ಅಂಕ ಕೊಡುವುದರಿಂದ ಕೊಳ್ಳುವವನಿಗೆ ಅನುಕೂಲ. ಕೊಳ್ಳದೆ ಪಡೆದವನಿಗೆ, ಅಂದರೆ ನಿಮಗೆ, ಕಡ್ಡಾಯದ ಗಡುವೇ ಬೇಕು. ಇಲಾಖೆಗೆ ಬರೆಯುವಾಗ ಈ ವ್ಯತ್ಯಾಸವನ್ನು ಬಿಡದೆ ಬರೆಯಬೇಕು.

ಬರೆಯುವುದಕ್ಕೆ ನಮ್ಮಲ್ಲಿ ಆಧಾರ ಬೇಕು. ನಿನ್ನೆ ರಾತ್ರಿ ನಾನೂ ಆ ಹಿರಿಯರೂ ದೀಪದ ಬೆಳಕಿನಲ್ಲಿ ಅವರ ಫೋನಿನ ಸೆಟ್ಟಿಂಗ್ಸ್ ತೆರೆದು, 'ಅಬೌಟ್ ಫೋನ್' ಎಂಬಲ್ಲಿ ಹೋಗಿ ನೋಡಿದೆವು. ಕೊನೆಯ ಭದ್ರತಾ ನವೀಕರಣ 2022ರ ನವೆಂಬರಿನದು. ಅದೇ ಫೋನಿನಲ್ಲಿ ಅವರ ಪಿಂಚಣಿಯ ಖಾತೆಯಿದೆ. ಬೆಳಿಗ್ಗೆ ಅವರೇ ಬ್ಯಾಂಕಿನ ಆ್ಯಪ್ ತೆಗೆಸಿ, ಪಾಸ್‌ಬುಕ್ ಹುಡುಕುತ್ತಿದ್ದರು.

ಊಟದ ಹೊತ್ತಿಗೆ ವಿದ್ಯಾರ್ಥಿಗಳು ಒಂದು ನೋಟುಬುಕ್ಕು ಹಿಡಿದು ಪಂಕ್ತಿಯಲ್ಲಿ ಬರುತ್ತಾರೆ. ಫೋನಿನ ಮಾದರಿ, ಕೊಂಡದ್ದೋ ಮಕ್ಕಳು ಕೊಟ್ಟದ್ದೋ, ಕೊನೆಯ ನವೀಕರಣದ ತಿಂಗಳು, ನಡೆಯದೆ ಹೋದ ಆ್ಯಪ್ ಯಾವುದು, ಈ ನಾಲ್ಕನ್ನು ಬರೆಸಿ. ಹೆಸರೂ ಫೋನ್ ನಂಬರೂ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಯಸುವವರು ಇದ್ದರೆ ನಾನು ಸಂಜೆಯ ಬಸ್ಸಿನವರೆಗೂ ಇಲ್ಲೇ ಇರುತ್ತೇನೆ.