ತವರಿಗೆ ಬರುವ ಕಡಲಾಮೆ



ನಾವು ಹೆಣ್ಣುಮಕ್ಕಳು ಹೆರಿಗೆಗೆ ಎಲ್ಲಿಗೆ ಹೋಗ್ತೇವೆ? ತವರಿಗೆ ಅಲ್ವಾ? ಕಡಲಲ್ಲೂ ಹೀಗೆ ತವರಿಗೆ ಬರುವ ಜೀವಿ ಒಂದಿದೆ. ಅದೇ ಕಡಲಾಮೆ.

ನಮ್ಮ ಕರಾವಳಿಗೆ ಬರುವ ಕಡಲಾಮೆಯ ಹೆಸರು ಆಲಿವ್ ರಿಡ್ಲಿ. ಕಾರವಾರ, ಹೊನ್ನಾವರ, ಕುಂದಾಪುರದ ಕಡೆ ಇದು ಮೊಟ್ಟೆ ಇಡುತ್ತದೆ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಇದರ ಕಾಲ. ತಾನು ಹುಟ್ಟಿದ ಸೀಮೆಯನ್ನೇ ಹುಡುಕಿಕೊಂಡು ಬರುತ್ತದೆ.

ರಾತ್ರಿ ಹೊತ್ತು ಹೆಣ್ಣಾಮೆ ದಡ ಹತ್ತುತ್ತದೆ. ಹಿಂದಿನ ಕಾಲಿನಿಂದ ಮರಳು ತೋಡುತ್ತದೆ. ಸುಮಾರು 100 ಮೊಟ್ಟೆ ಇಡುತ್ತದೆ. ಗುಂಡಿ ಮುಚ್ಚುತ್ತದೆ. ಆಗ ಅದರ ಕಣ್ಣಲ್ಲಿ ನೀರು ಸುರಿಯುತ್ತದೆ. ಅದು ಅಳು ಅಲ್ಲ. ಮೈಯಲ್ಲಿ ಹೆಚ್ಚಾದ ಉಪ್ಪು ಹಾಗೆ ಹೊರಗೆ ಹೋಗುತ್ತದೆ.

ಈ ತಾಯಿಗೆ ಬಾಣಂತನ ಇಲ್ಲ. ಆ ರಾತ್ರಿಯೇ ಕಡಲಿಗೆ ಹೋಗುತ್ತದೆ. ಮೊಟ್ಟೆ ಕಾಯಲು ಮತ್ತೆ ಬರುವುದಿಲ್ಲ. ಬಿಸಿಲಿಗೆ ಕಾದ ಮರಳೇ ಕಾವು ಕೊಡುತ್ತದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿ ಹೆಚ್ಚು. ತಂಪಾಗಿದ್ದರೆ ಗಂಡುಮರಿ ಹೆಚ್ಚು. 45ರಿಂದ 60 ದಿನಕ್ಕೆ ಮರಿಗಳು ಹೊರಬಂದು ಕಡಲಿನತ್ತ ಓಡುತ್ತವೆ.

ದಾರಿಯಲ್ಲಿ ನಾಯಿ, ಕಾಗೆ, ಏಡಿ ಕಾದಿರುತ್ತವೆ. ಕಡಲಲ್ಲಿ ದೊಡ್ಡ ಮೀನುಗಳು ಹಿಡಿಯುತ್ತವೆ. ಸಾವಿರ ಮರಿಗಳಲ್ಲಿ ಬದುಕಿ ದೊಡ್ಡದಾಗುವುದು ಒಂದೋ ಎರಡೋ. ಹಾಗಿರುವಾಗ ಮನುಷ್ಯರೂ ಗೂಡು ಬಗೆದು ಮೊಟ್ಟೆ ಒಯ್ದರೆ? ಆ ಗೂಡಿನ ಸಂತಾನವೇ ಮುಗಿಯಿತು.

ದೊಡ್ಡ ಆಮೆಗೂ ಅಪಾಯ ಇದೆ. ಆಮೆಗೆ ಮೀನಿನಂತೆ ಕಿವಿರು ಇಲ್ಲ. ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಟ್ರಾಲ್ ದೋಣಿಯ ಬಲೆಯಲ್ಲಿ ಸಿಕ್ಕಿದರೆ ಉಸಿರುಕಟ್ಟಿ ಸಾಯುತ್ತದೆ. ತೇಲುವ ಪ್ಲಾಸ್ಟಿಕ್ ಚೀಲವನ್ನು ಆಹಾರ ಎಂದು ನುಂಗಿಯೂ ಸಾಯುತ್ತದೆ.

“ಎರಡು ಮೊಟ್ಟೆ ತಂದರೆ ಏನಾಗ್ತದೆ?” ಎಂದು ಯಾರಾದರೂ ಕೇಳಬಹುದು. ಬೇಡ ಅಕ್ಕಾ. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ. ಜೈಲು ಶಿಕ್ಷೆಯೂ ಇದೆ.

ಹಾಗಾದರೆ ನಾವು ಏನು ಮಾಡಬೇಕು?

ಮರಳಿನಲ್ಲಿ ಆಮೆ ಹೋದ ಗುರುತು ಕಂಡರೆ ಗೂಡು ಕೆದಕಬಾರದು. ಮೊಟ್ಟೆ ಅಲುಗಿದರೂ ಒಳಗಿನ ಮರಿ ಸಾಯಬಹುದು. ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ಬೇಲಿ ಕಟ್ಟಿ ಕಾಯುತ್ತಾರೆ. ಮರಿಗಳು ಬೆಳಕು ಕಂಡ ಕಡೆ ಓಡುತ್ತವೆ. ಆ ದಿನಗಳಲ್ಲಿ ದಂಡೆಯ ಕಡೆಗಿನ ದೀಪ ಆರಿಸಬೇಕು. ಆಮೆ ಬಲೆಗೆ ಬಿದ್ದರೆ ಬಿಡಿಸಿ ಕಡಲಿಗೆ ಬಿಡಲು ಮನೆಯ ಗಂಡಸರಿಗೆ ಹೇಳಬೇಕು.

ಹೆರಿಗೆಗೆ ಬಂದ ಮಗಳನ್ನು ನಾವು ಬರಿಗೈಯಲ್ಲಿ ಕಳಿಸುತ್ತೇವೆಯೇ? ಈ ಮಗಳು ಏನನ್ನೂ ಕೇಳುವುದಿಲ್ಲ. ಇಟ್ಟ ಮೊಟ್ಟೆಯನ್ನು ಮುಟ್ಟದಿದ್ದರೆ ಸಾಕು. ಏನಂತೀರಿ?